ಭಾರ ಹೊತ್ತ ಗೋಡೆ

ಆ ಗೋಡೆಗೆ ಹದಿನೆಂಟು ವರ್ಷಗಳಲ್ಲಿ ಆಕೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಕ್ಯಾಲೆಂಡರನ್ನು ಎದುರು ಗೋಡೆಗೆ ತೂಗುಹಾಕಿದ್ದಳು. ಮಗ ಚಿಕ್ಕವನಿದ್ದಾಗ ಆ ಗೋಡೆಗೆ ಚೆಂಡು ಹೊಡೆದು ಆಡಿದರೆ ಓಡಿಬಂದು ಕಿವಿ ಹಿಂಡುತ್ತಿದ್ದಳು. "ಇಡೀ ಮನೆ ಭಾರ ಅದರ ಮೇಲಿದೆ ಕಣೋ. ನಿಮ್ಮಪ್ಪ ಹೇಳಿದ್ದು ಕೇಳಿಸ್ಲಿಲ್ವಾ?"

ಅಪ್ಪ ಹಾಗೆ ಹೇಳಿದ್ದು ನಿಜ. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋದ ವರ್ಷ ಅದು. ಆಕೆ ಒಂದು ಬಟ್ಟೆ ಅಂಗಡಿಗೆ ಕೋಟು ಹೊಲಿದುಕೊಡಲು ಒಪ್ಪಿಕೊಂಡಳು. ಎಲ್ಲಾ ಕಪ್ಪು ಕೋಟುಗಳೇ. ಹೊಲಿಗೆ ಮೆಷಿನ್ನಿಗೆ ಮನೆಯಲ್ಲಿ ಜಾಗವಿದ್ದದ್ದು ಬೀದಿ ಪಕ್ಕದ ಕೋಣೆಯಲ್ಲಿ ಮಾತ್ರ. ಹಿಂದೆ ಬೇಡದ ಸಾಮಾನು ತುಂಬುತ್ತಿದ್ದ ಕೋಣೆ. ಒಂದು ಬಾಗಿಲು, ಒಂದು ಬಲ್ಬು, ಅಷ್ಟೇ.

"ಬೀದಿ ಕಡೆ ಒಂದು ಕಿಟಕಿ ಇಡಿಸೋಣ ರೀ," ಎಂದಿದ್ದಳು. "ಕಪ್ಪು ಬಟ್ಟೆಗೆ ಕಪ್ಪು ದಾರ. ಹೊಲಿಗೆ ಎಲ್ಲಿ ಹೋಗ್ತಿದೆ ಅಂತಾನೇ ಗೊತ್ತಾಗಲ್ಲ."

ವಿಚಾರಿಸುತ್ತೇನೆ ಎಂದಿದ್ದ ಗಂಡ, ಆಕೆ ನಾಲ್ಕು ದಿನ ತವರಿಗೆ ಹೋಗಿ ಬರುವಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದ. ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ ತೋರಿಸಿದ. "ಇದು ಭಾರ ಹೊತ್ತ ಗೋಡೆ. ಕೊರೆದ್ರೆ ಚಾವಣಿ ನಮ್ಮ ತಲೆ ಮೇಲೇ ಬರುತ್ತೆ."

ಆಕೆ ಮತ್ತೆ ಕೇಳಲಿಲ್ಲ. ಅಂಗಡಿಯ ಬಟ್ಟೆಗಂಟು ಹಿತ್ತಿಲ ಬಾಗಿಲಿನಿಂದ ಬರುತ್ತಿತ್ತು, ಕೋಟುಗಳಾಗಿ ಹಿತ್ತಿಲ ಬಾಗಿಲಿನಿಂದಲೇ ಹೋಗುತ್ತಿತ್ತು. ಮೂರು ವರ್ಷದ ಮೇಲೆ ಗಂಡನಿಗೆ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಅಷ್ಟರಲ್ಲಿ ಮಗನ ಶಾಲೆ ಶುರುವಾಗಿ ಹೊಲಿಗೆ ನಿಲ್ಲಿಸುವ ಮಾತೇ ಬರಲಿಲ್ಲ. ಕೊನೆಕೊನೆಗೆ ಬಲ್ಬನ್ನು ಮೆಷಿನ್ನಿನ ತಲೆಯವರೆಗೂ ಇಳಿಸಿಕೊಂಡು, ಹಣೆಗೆ ಅದರ ಬಿಸಿ ತಾಗುತ್ತಿದ್ದರೂ, ಕೈಯಲ್ಲಿ ತಡವಿಕೊಂಡೇ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. "ಹಾಳಾದ ಕತ್ತಲೆ ಕೋಣೆ," ಎಂದು ಗೊಣಗುತ್ತಿದ್ದಳು. ಯಾರನ್ನೂ ಬಯ್ಯುತ್ತಿರಲಿಲ್ಲ. ಗೋಡೆಯನ್ನು ಬಯ್ದು ಪ್ರಯೋಜನವೇನು?

ಮಗನ ಮದುವೆ ಗೊತ್ತಾಯಿತು. ಸೊಸೆಯಾಗುವ ಹುಡುಗಿ ಮನೆ ನೋಡಲು ಬಂದಳು. ಮದುಮಕ್ಕಳಿಗೆ ಎಂದು ಬಿಡಿಸಿಕೊಡಲಿದ್ದ ಆ ಕೋಣೆಯ ಹೊಸ್ತಿಲಲ್ಲಿ ನಿಂತು, "ಇಲ್ಲಿ ಕಿಟಕಿ ಇಲ್ವಾ?" ಎಂದಳು. ಸುಮ್ಮನೆ ಕೇಳಿದ್ದು, ಕೊಂಕೇನೂ ಇರಲಿಲ್ಲ.

"ಹಾಕಿಸ್ತೀವಮ್ಮ," ಎಂದ ಮಾವನಾಗುವವನು. "ಅದೇನು ಮಹಾ ಕೆಲಸ."

ಆಕೆ ಗಂಡನ ಮುಖ ನೋಡಿದಳು. ಅಷ್ಟರಲ್ಲಿ ಅವನು ಹುಡುಗಿಗೆ ನೀರಿನ ತೊಟ್ಟಿ ತೋರಿಸಲು ಹಿತ್ತಿಲಿಗೆ ನಡೆದಿದ್ದ. ಈಗ ಹೊಸ ಉಪಾಯ ಏನೋ ಬಂದಿರಬೇಕು, ಕಬ್ಬಿಣದ ತೊಲೆ ಗಿಲೆ ಕೊಟ್ಟು ಎತ್ತಿ ನಿಲ್ಲಿಸುತ್ತಾರೇನೋ ಎಂದುಕೊಂಡಳು.

ಮುಂದಿನ ವಾರ ಗಾರೆ ಮೇಸ್ತ್ರಿ ಬಂದ. ವಯಸ್ಸಾದವನು, ಬಾಯಿ ಸುಮ್ಮನಿರದವನು. ಗಂಡ, ಮಗ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಮೇಸ್ತ್ರಿ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಚೌಕ ಎಳೆದು, ಉಳಿ ಇಟ್ಟು ಸುತ್ತಿಗೆ ಎತ್ತಿದ. ಆಕೆ ತಡೆಯಲಾರದೆ, "ಆಸರೆ ಕಂಬ ಕೊಡಲ್ವಾ?" ಎಂದಳು.

"ಯಾಕಮ್ಮ?"

"ಮನೆ ಭಾರವೆಲ್ಲ ಇದರ ಮೇಲೇ ಇದೆಯಲ್ಲ."

ಮೇಸ್ತ್ರಿ ಸುತ್ತಿಗೆ ಇಳಿಸಿ ನಕ್ಕ. "ಇದರ ಮೇಲೆ ಏನಿದೆ ಮಣ್ಣು? ನೋಡಿ, ಚಾವಣಿ ಕೂತಿರೋದು ಆ ಎರಡು ಪಕ್ಕದ ಗೋಡೆ ಮೇಲೆ. ಇದು ಬರೀ ಮರೆ. ಮೇಲಿನ ನಾಲ್ಕು ವರಸೆ ಇಟ್ಟಿಗೆ ಹೊರೋಕೆ ಒಂದು ಲಿಂಟಲ್ ಕೂರಿಸಿದ್ರೆ ಮುಗೀತು. ಆವಾಗ್ಲೂ ಯಜಮಾನ್ರಿಗೆ ಇದನ್ನೇ ಹೇಳಿದ್ದೆ."

"ಯಾವಾಗ?"

"ಅಯ್ಯೋ, ಬಹಳ ವರ್ಷ ಆಯ್ತು. ನೀವು ತವರಿಗೆ ಹೋಗಿದ್ರಿ ಅಂತ ಕಾಣುತ್ತೆ. ಕರೆಸಿದ್ರು, ಅಳತೆ ತಗೊಂಡೆ, ನಾಲ್ಕು ದಿನದ ಕೆಲಸ ಅಂದೆ. ಸರಿ ಅಂದ್ರು. ಮಾರನೇ ದಿನ ಬೇಡ ಅಂತ ಹೇಳಿ ಕಳಿಸಿದ್ರು."

ಆಕೆ ತಲೆ ಎತ್ತಿ ಚಾವಣಿ ನೋಡಿದಳು. ಮೇಸ್ತ್ರಿ ಗೋಡೆಗೆ ತಿರುಗಿ ಮೊದಲ ಏಟು ಹಾಕಿದ. ಗಾರೆ ಉದುರಿತು. ಚಾವಣಿ ಇದ್ದಲ್ಲೇ ಇತ್ತು.

ಸಂಜೆ ಗಂಡ ಕೈಕಾಲು ತೊಳೆದು ಬಂದು ಕೂರುವವರೆಗೂ ಕಾದಳು.

"ಮೇಸ್ತ್ರಿ ಎಲ್ಲಾ ಹೇಳಿದ."

ಅವನು ಟವೆಲ್ಲಿನಲ್ಲಿ ಮುಖ ಒರೆಸುತ್ತಲೇ ಇದ್ದ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.

"ಯಾಕೆ ಹಾಗೆ ಹೇಳಿದ್ರಿ ಅಂತ ಕೇಳ್ತಿದ್ದೀನಿ."

"ಕಿಟಕಿ ಇಟ್ಟಿದ್ರೆ ಬೀದಿಗೆಲ್ಲ ಕಾಣ್ತಿತ್ತು," ಎಂದ ಕೊನೆಗೆ. "ನಾನು ಮನೇಲಿ ಬಿದ್ದಿರ್ತಿದ್ದೆ, ನೀನು ಹೊಲೀತಾ ಕೂತಿರ್ತಿದ್ದೆ. ಹೋಗೋ ಬರೋರು ಏನಂತಿದ್ರು? ಹೆಂಡತಿ ದುಡಿಮೇಲಿ ಕೂತು ತಿಂತಾನೆ ಅಂತಿದ್ರು."

"ಕೆಲಸ ಸಿಕ್ಕಿದ ಮೇಲೆ?"

"ಅಷ್ಟರಲ್ಲಿ ನೀನು ನಂಬಿಬಿಟ್ಟಿದ್ದೆ. ಹುಡುಗನ ಕಿವಿ ಬೇರೆ ಹಿಂಡ್ತಿದ್ದೆ. ನಾನು ಬಂದು ಸುಳ್ಳು ಹೇಳಿದ್ದೆ ಅನ್ನಲಾ?" ಅವನ ದನಿಯಲ್ಲಿ ಸಿಡುಕಿತ್ತು, ತಪ್ಪು ಆಕೆಯ ನಂಬಿಕೆಯದ್ದೇ ಎಂಬಂತೆ. "ಹೋಗ್ಲಿ ಬಿಡು ಇವಳೇ. ಈಗ ಬಂತಲ್ಲ ಕಿಟಕಿ."

ಆಕೆ ಎದ್ದು ಅಡುಗೆಮನೆಗೆ ಹೋದಳು. ಜಗಳವಾಡಲು ಹದಿನೆಂಟು ವರ್ಷದ ಯಾವ ತುದಿಯಿಂದ ಶುರುಮಾಡಬೇಕೋ ತಿಳಿಯಲಿಲ್ಲ.

ಲಿಂಟಲ್ ಕೂತು ಗಟ್ಟಿಯಾದ ಮೇಲೆ ಮೇಸ್ತ್ರಿ ಅದರ ಕೆಳಗಿನ ಇಟ್ಟಿಗೆ ಬಿಡಿಸಿದ. ಒಮ್ಮೆಲೇ ಇಡೀ ಬೀದಿ ಕೋಣೆಯೊಳಗೆ ಬಂತು: ಸೈಕಲ್ ಗಂಟೆ, ಧೂಳು, ಹತ್ತು ಗಂಟೆಯ ಬಿಸಿಲು. ಚೌಕಟ್ಟು ನಿಲ್ಲಿಸಿ, ಮಳೆನೀರು ಒಳಗೆ ಬಾರದಂತೆ ಕೆಳಗಿನ ಹಲಗೆಯನ್ನು ಹೊರಕ್ಕೆ ಇಳಿಜಾರು ಮಾಡಿ ಅವನು ಹೊರಟುಹೋದ. ಕೋಣೆ ಖಾಲಿ ಮಾಡುವ ಮೊದಲು ಮುಗಿಸಿಕೊಡಬೇಕಾದ ಕೋಟು ಇನ್ನೂ ಒಂದು ಉಳಿದಿತ್ತು. ಮರುದಿನ ಬೆಳಿಗ್ಗೆ ಆಕೆ ಮೆಷಿನ್ನನ್ನು ಕಿಟಕಿಯ ಕೆಳಗೆ ಎಳೆದುಕೊಂಡು ಕೂತಳು. ಬಿಸಿಲು ನೇರವಾಗಿ ಬಟ್ಟೆಯ ಮೇಲೆಯೇ ಬಿದ್ದಿತ್ತು.

ಹೊಲಿಗೆಯ ಗೆರೆ ಕಾಣಲಿಲ್ಲ.

ಪೇಟೆಯಲ್ಲಿ ತಾನೇ ಆರಿಸಿ ತಂದಿದ್ದ ಕನ್ನಡಕ ಒರೆಸಿ ಹಾಕಿಕೊಂಡಳು. ಬಟ್ಟೆಯನ್ನು ಕಣ್ಣ ಹತ್ತಿರಕ್ಕೆ ಹಿಡಿದಳು, ದೂರ ಹಿಡಿದಳು. ಕಪ್ಪು ಬಟ್ಟೆ ಬರೀ ಕಪ್ಪಾಗಿಯೇ ಇತ್ತು. ಇಷ್ಟು ವರ್ಷ ಕೋಣೆಯದು ಎಂದುಕೊಂಡಿದ್ದ ಕತ್ತಲೆ ಕೋಣೆಯದಾಗಿರಲಿಲ್ಲ.

ಕಣ್ಣಾಸ್ಪತ್ರೆಗೆ ಗಂಡನೇ ರಜೆ ಹಾಕಿ ಕರೆದುಕೊಂಡು ಹೋದ. ಡಾಕ್ಟರಮ್ಮ ಎರಡು ಕಣ್ಣಿಗೂ ದೀಪ ಬಿಟ್ಟು ನೋಡಿ, ಸಾಸಿವೆಯಷ್ಟು ಬೆಳಕಿನ ಚುಕ್ಕೆಗಳನ್ನು ತೋರಿಸಿ, ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಆಕೆ ಒತ್ತಿದ್ದು ಕಡಿಮೆ.

"ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸೊರಗಿದೆ. ಬಹಳ ವರ್ಷದ್ದು ಇದು. ಯಾಕೆ ಮೊದಲೇ ಬರಲಿಲ್ಲ?"

"ಕೋಣೆ ಕತ್ತಲೆ ಅಂದ್ಕೊಂಡಿದ್ದೆ ಡಾಕ್ಟ್ರೇ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವನಿಗೆ ಆಯಿತು. ಅವನು ನೆಲ ನೋಡಿದ.

"ಹೋಗಿರೋದು ಬರಲ್ಲಮ್ಮ. ದಿನಾ ತಪ್ಪದೆ ಹನಿ ಹಾಕ್ಕೊಳ್ಳಿ, ಉಳಿದಿರೋದನ್ನ ಉಳಿಸ್ಕೊಳ್ಳೋಣ. ಹೊಲಿಗೆ ಮಾತ್ರ ಇನ್ನು ಬೇಡ."

ವಾಪಸು ಬರುವಾಗ ಬೀದಿಯ ತಿರುವಿನಲ್ಲಿ ಪಕ್ಕದಿಂದ ಬಂದ ಸ್ಕೂಟರ್ ಆಕೆಗೆ ಕಾಣಲಿಲ್ಲ. ಗಂಡ ರಟ್ಟೆ ಹಿಡಿದು ಎಳೆದುಕೊಂಡ. ಸ್ಕೂಟರ್ ದಾಟಿದ ಮೇಲೆ ಆಕೆ ತೋಳು ಬಿಡಿಸಿಕೊಂಡಳು.

ಎದುರುಮನೆಯಾತ ಗೇಟಿಗೆ ಒರಗಿ ನಿಂತಿದ್ದ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಇದ್ದರು. "ಏನು, ಇಬ್ಬರೂ ಜೋಡಿಯಾಗಿ? ಎಲ್ಲಿಗೆ ಹೋಗಿದ್ರಿ?"

"ಸುಮ್ನೆ ಹೀಗೆ, ಪೇಟೆ ಕಡೆ..." ಎಂದು ಗಂಡ ಶುರುಮಾಡಿದ.

"ಕಣ್ಣಾಸ್ಪತ್ರೆಗೆ," ಎಂದಳು ಆಕೆ. ಅವಳ ಗಂಟಲು ಇಷ್ಟು ದೊಡ್ಡದೆಂದು ಬೀದಿಗೆ ಅಂದೇ ಗೊತ್ತಾಯಿತು. "ಹದಿನೆಂಟು ವರ್ಷ ಕಪ್ಪು ಕೋಟು ಹೊಲಿದೆ, ಆ ಕೋಣೇಲಿ ಬಾಗಿಲು ಹಾಕ್ಕೊಂಡು. ಕಣ್ಣು ಹೋಗ್ತಿರೋದೇ ಗೊತ್ತಾಗ್ಲಿಲ್ಲ. ಇವರಿಗೆ ಕೆಲಸ ಇಲ್ಲದಾಗ ಮನೆ ನಡೆದಿದ್ದು ಅದರಲ್ಲೇ. ನಿಮಗೆ ಯಾರಿಗೂ ತಿಳೀಬಾರದು ಅಂತ ಇವರು ಕಿಟಕಿ ಇಡಿಸಲಿಲ್ಲ."

ಎದುರುಮನೆಯಾತ ಇವನನ್ನೊಮ್ಮೆ ಅವಳನ್ನೊಮ್ಮೆ ನೋಡಿದ. "ಗೊತ್ತಿತ್ತಲ್ಲಮ್ಮ," ಎಂದ ಮೆಲ್ಲಗೆ. "ಬಟ್ಟೆಗಂಟು ಹಿತ್ತಿಲ ಕಡೆ ಹೋಗ್ತಿದ್ದಿದ್ದು ನಮ್ಮ ಮನೆ ಮುಂದೇನೇ ಅಲ್ವಾ? ಇಡೀ ಬೀದಿಗೆ ಗೊತ್ತಿತ್ತು."

ಗಂಡ ಬಿರಬಿರನೆ ಮುಂದೆ ನಡೆದು, ಬೀಗ ತೆಗೆದು ಒಳಗೆ ಹೋದ. ಆಕೆ ಬೀದಿಯ ನಡುವೆ ನಿಂತೇ ಇದ್ದಳು. ಪಕ್ಕದ ಮನೆಯ ಹೆಂಗಸೊಬ್ಬಳು ಬಂದು, "ಬನ್ನಿ ಅಕ್ಕ, ಮೆಟ್ಟಿಲಿದೆ," ಎಂದು ಕೈ ಹಿಡಿದಳು.