ಕಾಂಪೌಂಡರ್ ತಾತನ ಡಬ್ಬಿ

ಆ ಬೀದಿಯ ಮಕ್ಕಳಿಗೆ ಊಟ ಮಾಡಿಸಲು ಚಂದಮಾಮನೂ ಬೇಕಿರಲಿಲ್ಲ, ಗುಮ್ಮನೂ ಬೇಕಿರಲಿಲ್ಲ. ಕಾಂಪೌಂಡರ್ ತಾತ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮಿದರೆ ಸಾಕು, ಈ ತುದಿಯಿಂದ ಆ ತುದಿಯವರೆಗೆ ನಲವತ್ತೆರಡು ಬಾಯಿಗಳಲ್ಲಿದ್ದ ತುತ್ತು ಅಗಿಯುವ ಮೊದಲೇ ಹೊಟ್ಟೆ ಸೇರುತ್ತಿತ್ತು. ಹಲ್ಲು ಮೂಡದ ಕೂಸುಗಳು ಕೂಡ ನುಂಗಿ ಬಿಡುತ್ತಿದ್ದವು. ತಾತನ ಮನೆಯ ಮೇಲೆ ಕೂರುವ ಕಾಗೆಗಳು ಕಾಲು ಒರೆಸಿಕೊಂಡು ಬರುತ್ತಿದ್ದವೆಂದು ಹೇಳುವವರಿದ್ದಾರೆ. ಅದನ್ನು ನಂಬದಿದ್ದರೂ ನಡೆದೀತು, ನಲವತ್ತೆರಡು ಬಾಯಿಯ ಲೆಕ್ಕವನ್ನು ಮಾತ್ರ ನಂಬಲೇಬೇಕು.

ತಾತ ನಲವತ್ತು ವರ್ಷ ಒಂದು ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದವರು. ಅವರು ಚುಚ್ಚಿದ ಸೂಜಿಗಳನ್ನು ಸಾಲಾಗಿ ಇಟ್ಟರೆ ಭೂಮಿಗೆ ಎರಡು ಸುತ್ತು ಬಂದು, ಮಿಕ್ಕದ್ದರಲ್ಲಿ ಹಿತ್ತಿಲಿಗೆ ಬೇಲಿ ಹಾಕಬಹುದಿತ್ತು. ಕೈಯಂತೂ ಹೂವು. ಇಂಜೆಕ್ಷನ್ ಮುಗಿದು ಹತ್ತಿ ಒತ್ತುತ್ತಿರುವಾಗ ರೋಗಿಗಳು, "ಇನ್ನೂ ಎಷ್ಟೊತ್ತು ಕಾಯ್ಬೇಕು ಸ್ವಾಮಿ, ಬೇಗ ಚುಚ್ಚಿ" ಎಂದು ಗೊಣಗುತ್ತಿದ್ದರಂತೆ.

ನಿವೃತ್ತಿಯಾದ ಮರುದಿನದಿಂದ ಆ ಕೈಯನ್ನು ಕೇಳುವವರಿಲ್ಲ. ಪೇಪರನ್ನು ಮೂರು ಸಲ ಓದಿದರು, ಮನೆಯ ಬೀಗಗಳಿಗೆಲ್ಲ ಎಣ್ಣೆ ಬಿಟ್ಟರು. ಅಂಥ ದಿನಗಳಲ್ಲಿ ಪಕ್ಕದ ಮನೆಯ ದರ್ಜಿಯಮ್ಮ ಬಾಗಿಲಿಗೆ ಬಂದಳು.

"ತಾತಾ, ನಮ್ಮನೇದು ಹಾಲು ಕುಡೀತಿಲ್ಲ. ಸ್ವಲ್ಪ ಬಂದು ಹೆದರ್ಸಿ ಹೋಗಿ, ಪುಣ್ಯ ಬರುತ್ತೆ."

ತಾತ ಹಳೆಯ ಸಿರಿಂಜ್ ಇದ್ದ ತಗಡಿನ ಡಬ್ಬಿ ಹಿಡಿದು ಹೋದರು. ಮುಚ್ಚಳ ಎತ್ತಿ ಕೈಬಿಟ್ಟರು. ಟಣ್. ಹಾಲಿನ ಲೋಟ ಖಾಲಿ. ಅಂದಿನಿಂದ ತಾತನಿಗೆ ಮತ್ತೆ ಡ್ಯೂಟಿ ಸಿಕ್ಕಿತು. ಬೆಳಿಗ್ಗೆ ಮೂರು ಮನೆ, ಮಧ್ಯಾಹ್ನ ಐದು, ಭಾನುವಾರವೂ ರಜೆಯಿಲ್ಲ.

ಇವರ ಮೊಮ್ಮಗಳು ಚೂಟಿ. ಅವಳು ನಡೆದದ್ದನ್ನು ಯಾರೂ ಕಂಡಿಲ್ಲ. ತೊಟ್ಟಿಲಿನಿಂದ ಇಳಿದವಳೇ ಓಡಿದಳು. ಹುಟ್ಟಿದಾಗಿನಿಂದ ಆ ಟಣ್ ಸದ್ದು ಕೇಳಿ ಬೆಳೆದವಳು. ಸದ್ದಾದರೆ ಮಂಚದ ಕೆಳಗೆ ಸೇರುತ್ತಿದ್ದಳು. ತಾತ ಅದನ್ನು ನೋಡಿ ಮೀಸೆ ತಿರುವುತ್ತಿದ್ದರು.

ಅವಳಿಗೆ ಆರು ತುಂಬಿದ ವರ್ಷ ಒಂದು ಸಂಜೆ ಸೊಸೆ ಮಗುವನ್ನು ಎಳೆದುಕೊಂಡು ಬಂದಳು. ಸೊಸೆ ಶಿಶುವಿಹಾರದ ಟೀಚರ್.

"ಮಾವ, ಇವಳ ಮೊಣಕಾಲು ನೋಡಿ. ಕೀವಾಗಿದೆ. ಬಟ್ಟೆ ಅಂಟ್ಕೊಂಡಿದೆ. ನಾಲ್ಕು ದಿನದಿಂದ ಉಸಿರೇ ಬಿಟ್ಟಿಲ್ಲ."

"ಧೈರ್ಯಸ್ಥೆ ಕಣಮ್ಮ. ಬೇರೆ ಮಕ್ಕಳಾಗಿದ್ರೆ ಊರು ಒಂದು ಮಾಡ್ತಿದ್ವು."

"ಇದು ಧೈರ್ಯ ಅಲ್ಲ ಮಾವ. ನಿಮ್ಮ ಡಬ್ಬಿಯಿಂದ ಇವಳು ಮಾತು ಕೇಳೋದು ಕಲೀಲಿಲ್ಲ, ಮುಚ್ಚಿಡೋದು ಕಲಿತಳು."

ಅಡುಗೆಮನೆಯಿಂದ ಅಜ್ಜಿ ಸೌಟಿನ ಸಮೇತ ಹೊರಬಂದರು. "ನಾಲ್ಕು ಹಾಡು ಹೇಳ್ಕೊಟ್ಟ ಮಾತ್ರಕ್ಕೆ ಮಕ್ಕಳ ತಲೆಗೆ ಕಿಟಕಿ ಇಟ್ಟು ನೋಡ್ದೋಳ ಹಾಗೆ ಆಡ್ಬೇಡ ಕಣೆ. ಹೆದರಿಕೆ ಇಲ್ದೆ ಯಾವ ಮಗು ಬೆಳೆದಿದೆ? ನಿನ್ನ ಗಂಡನ್ನ ನಾನು ಕತ್ತಲೆ ಕೋಣೆ ತೋರಿಸೇ ಬೆಳೆಸಿದ್ದು. ಏನಾಗಿದೆ ಅವನಿಗೆ? ಲಾರಿ ಓಡಿಸ್ತಾನೆ, ಗಂಡಸಿನ ಹಾಗಿದ್ದಾನೆ."

"ಇವತ್ತಿಗೂ ದೀಪ ಆರಿಸಿದ್ರೆ ಮಲಗಲ್ಲ ಅತ್ತೆ. ಅಷ್ಟೇ ಆಗಿರೋದು."

ತಾತ ಹೊಟ್ಟೆ ಹಿಡಿದು ನಕ್ಕರು. ಸೊಸೆ ನಗಲಿಲ್ಲ.

"ಹೆದರಿಕೆ ಒಂದೇ ಪಾಠಕ್ಕೆ ಬಂದ್ಬಿಡುತ್ತೆ ಮಾವ. ಮರೆಸೋಕೆ ನೂರು ಪಾಠ ಸಾಲಲ್ಲ. ದಿನಾ ಮಕ್ಕಳ ಜೊತೆ ಇರೋಳು ನಾನು, ನೋಡ್ತೀನಿ. ನಿಮ್ಮ ಕೈ ನೋವು ಮಾಡಲ್ಲ ಅಂತ ಊರಿಗೆಲ್ಲ ಗೊತ್ತು. ಇವಳೊಬ್ಬಳಿಗೆ ಗೊತ್ತಿಲ್ಲ."

ಆ ಮಾತು ತಾತನಿಗೆ ಎಲ್ಲೋ ನಾಟಿತು. ಡಬ್ಬಿಯನ್ನು ಅಟ್ಟದ ಮೇಲೆ ಹಾಕಿಬಿಡೋಣವೆಂದು ಎದ್ದದ್ದೂ ನಿಜ. ಅಷ್ಟರಲ್ಲಿ ಗೋಡೆಯಾಚೆಯಿಂದ ದರ್ಜಿಯಮ್ಮನ ಕೂಗು ಬಂತು: "ತಾತಾ, ಬೇಗ ಬನ್ನಿ, ಚಿಕ್ಕದು ಬಾಯೇ ತೆಗೀತಿಲ್ಲ." ತಮ್ಮನ್ನು ಕರೆಯುವವರು ಇನ್ನೂ ಇದ್ದಾರಲ್ಲ ಎಂಬ ಸುಖ ದೊಡ್ಡದು. ತಾತ ಹೋದರು.

ಮರುವರ್ಷ ಚೂಟಿ ಇದ್ದಕ್ಕಿದ್ದಂತೆ ಕಾಲುಚೀಲ ಹಾಕತೊಡಗಿದಳು. ಶಾಲೆಗೂ ಕಾಲುಚೀಲ, ಮಲಗುವಾಗಲೂ ಕಾಲುಚೀಲ. "ನಮ್ಮ ಮನೆಗೆ ರಾಣಿ ಬಂದಿದ್ದಾಳೆ, ನೆಲ ಮುಟ್ಟಲ್ಲ" ಎಂದು ತಾತ ಬೀದಿಗೆಲ್ಲ ಹೇಳಿಕೊಂಡು ನಕ್ಕರು. ಸ್ನಾನ ತಾನೇ ಮಾಡಿಕೊಳ್ಳುತ್ತೇನೆಂದು ಬಾಗಿಲು ಹಾಕಿಕೊಂಡಳು. ಸೊಸೆ ಕೂಡ ಮಗು ದೊಡ್ಡದಾಯಿತು ಎಂದುಕೊಂಡಳು.

ಇಲ್ಲಿಂದ ಮುಂದಿನದಕ್ಕೆ ಉಪ್ಪುಖಾರ ಹಚ್ಚುವ ಅಗತ್ಯವಿಲ್ಲ.

ಎರಡು ತಿಂಗಳ ನಂತರ ಮಗುವಿಗೆ ಜ್ವರ ಬಂತು. ಎಡಗಾಲು ಜುಮ್ಮೆನ್ನುತ್ತದೆ ಎಂದಳು. ಮರುದಿನ ಬೆಳಿಗ್ಗೆ ಬಾಯಾರಿಕೆ ಎಂದಾಗ ತಾತನೇ ನೀರು ತಂದರು. ಲೋಟ ಹತ್ತಿರ ಬಂದೊಡನೆ ಮಗುವಿನ ಗಂಟಲು ಸೆಟೆದುಕೊಂಡಿತು, ತಲೆ ಹಿಂದಕ್ಕೆ ವಾಲಿತು. ಬೇಕು ಎನ್ನುತ್ತಲೇ ನೀರನ್ನು ತಳ್ಳಿದಳು.

ನಲವತ್ತು ವರ್ಷದಲ್ಲಿ ತಾತ ಅದನ್ನು ಎರಡು ಸಲ ನೋಡಿದ್ದರು. ಇಬ್ಬರಲ್ಲಿ ಒಬ್ಬರೂ ಮನೆಗೆ ಮರಳಲಿಲ್ಲ. ಅವರು ಲೋಟ ಕೆಳಗಿಟ್ಟು, ಎಡಗಾಲಿನ ಚೀಲ ಎಳೆದರು. ಹಿಮ್ಮಡಿಯ ಮೇಲೆ ಎರಡು ಸಣ್ಣ ಕಲೆಗಳಿದ್ದವು. ಚೆನ್ನಾಗಿ ಮಾಗಿದ್ದವು.

"ಯಾವಾಗ ಕಂದ?"

"ಹೇಳಲ್ಲ. ನೀನು ಚುಚ್ತೀಯ."

"ಚುಚ್ಚಲ್ಲ."

"ಅಮ್ಮನ ಮೇಲೆ ಆಣೆ?"

"ಆಣೆ."

ಆಗ ಹೇಳಿದಳು. ಬೇಕರಿ ಹಿಂದಿನ ಮರಿ ನಾಯಿ. ಬಿಸ್ಕತ್ತು ಕೊಡಲು ಹೋಗಿದ್ದಳು. ಮರಿಗೆ ಹುಷಾರಿರಲಿಲ್ಲ, ಜೊಲ್ಲು ಸುರಿಸುತ್ತಿತ್ತು. ಲಂಗದಿಂದಲೇ ರಕ್ತ ಒರೆಸಿಕೊಂಡಿದ್ದಳು.

"ನಾನು ಒಂಚೂರೂ ಅಳಲಿಲ್ಲ ತಾತ," ಎಂದಳು.

ಕಚ್ಚಿದ ದಿನವೇ ಗಾಯವನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದು ಹುಚ್ಚುನಾಯಿ ಕಡಿತದ ಇಂಜೆಕ್ಷನ್ ಶುರು ಮಾಡಿದ್ದರೆ ಮಗು ಉಳಿಯುತ್ತಿತ್ತು. ಅದನ್ನು ಆ ಬೀದಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ತಾತ. ಅದೇ ಇಂಜೆಕ್ಷನ್ನನ್ನು ಅವರು ಸಾವಿರ ಜನಕ್ಕೆ ನೋಯದಂತೆ ಕೊಟ್ಟಿದ್ದರು.

ಆಸ್ಪತ್ರೆಯಲ್ಲಿ ಮಗುವನ್ನು ಪರದೆ ಎಳೆದ ಕೋಣೆಯಲ್ಲಿ ಮಲಗಿಸಿದರು. ಡಾಕ್ಟರ್ ತಾತನನ್ನು ಪಕ್ಕಕ್ಕೆ ಕರೆದು, "ನಿಮಗೆ ಗೊತ್ತಿರೋದೇ" ಎಂದಷ್ಟೇ ಹೇಳಿದರು. ಮಗ ಲಾರಿಯನ್ನು ದಾರಿಯಲ್ಲೇ ಬಿಟ್ಟು ಓಡಿ ಬಂದ. ಅಪ್ಪ ಅಮ್ಮ ಇಬ್ಬರೂ ಒಳಗಿದ್ದರು. ಅಜ್ಜಿ ಸೆರಗನ್ನು ಬಾಯಿಗೆ ತುರುಕಿಕೊಂಡು ಮೂಲೆಯಲ್ಲಿದ್ದರು. ತಾತ ಬಾಗಿಲಲ್ಲಿ ಕಾಣಿಸಿದರೆ ಮಾತ್ರ ಮಗು ಗೋಡೆಗೆ ಒತ್ತಿಕೊಂಡು ಕಿರುಚುತ್ತಿತ್ತು.

"ಕೈ ತೋರ್ಸು," ಎಂದಿತು ಒಮ್ಮೆ.

ತಾತ ಎರಡೂ ಕೈ ಬಿಡಿಸಿ ತೋರಿಸಿದರು.

"ಜೇಬು?"

ಜೇಬುಗಳನ್ನು ಹೊರಗೆ ಎಳೆದು ತೋರಿಸಿದರು. ಒಂದು ಕರವಸ್ತ್ರ ಬಿತ್ತು.

ಚೂಟಿ ಆ ಖಾಲಿ ಜೇಬುಗಳನ್ನು ಬಹಳ ಹೊತ್ತು ನೋಡಿದಳು. ನಂಬಬೇಕೆಂದು ಅವಳಿಗೂ ಆಸೆಯಿತ್ತೋ ಏನೋ. ತಾತ ಒಂದು ಹೆಜ್ಜೆ ಇಟ್ಟರು. ಅವಳ ಮೈಯೆಲ್ಲ ಸೆಟೆಯಿತು.

"ಮಾವ," ಎಂದಳು ಸೊಸೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹೊರಗೆ ಇರಿ."

ತಾತ ಹೊರಗೆ ಉಳಿದರು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಒಳಗಿನ ಸದ್ದು ನಿಂತಿತು. ಅವರು ಗೋಡೆಗೆ ಬೆನ್ನು ಕೊಟ್ಟು ಬೆಂಚಿನ ಮೇಲೇ ಕೂತಿದ್ದರು. ಬಾಗಿಲು ಮುಚ್ಚಿತು.

ಪಡಸಾಲೆಯಲ್ಲಿ ಆಗಲೂ ಜನ ಓಡಾಡುತ್ತಿದ್ದರು. ಎದುರು ಬೆಂಚಿನಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ರಚ್ಚೆ ಹಿಡಿದ ಪುಟ್ಟ ಹುಡುಗಿ. ಹೆಂಗಸು ಅದನ್ನು ಸಂತೈಸಿ ಸೋತು ತಾತನ ಕಡೆ ಬೆರಳು ತೋರಿಸಿದಳು. "ನೋಡಲ್ಲಿ. ಬಾಯಿ ಮುಚ್ಚದಿದ್ರೆ ಆ ತಾತ ಸೂಜಿ ಚುಚ್ತಾರೆ."

ಮಗು ಥಟ್ಟನೆ ಸುಮ್ಮನಾಯಿತು. ಆ ಮೌನ ತಾತನಿಗೆ ಚೆನ್ನಾಗಿ ಪರಿಚಯದ್ದು. ಅವರು ಎದ್ದು ಬಂದು, ನೋಯುವ ಮಂಡಿಯೂರಿ ನೆಲದ ಮೇಲೆ ಕೂತರು.

"ಇಲ್ಲ ಕಂದ. ನಾನು ಯಾರಿಗೂ ಚುಚ್ಚಲ್ಲ. ಡಾಕ್ಟ್ರು ಚುಚ್ಚಿದ್ರೆ ಇರುವೆ ಕಚ್ಚಿದಷ್ಟು ನೋಯುತ್ತೆ, ಅಷ್ಟೇ. ನೋವಾದ್ರೆ ಅಳಬಹುದು. ಎಲ್ಲಾದ್ರೂ ಬಿದ್ರೆ, ನಾಯಿ ಕಚ್ಚಿದ್ರೆ, ಆ ಕ್ಷಣಾನೇ ಅಮ್ಮಂಗೆ ಹೇಳ್ಬೇಕು. ಹೇಳ್ತೀಯಲ್ಲ?"

ಮಗು ಅವರ ಮುಖ ನೋಡಿ ಮತ್ತೆ ಅಳಲು ಶುರು ಮಾಡಿತು.

"ಏನ್ ತಾತಾ ನೀವು," ಎಂದು ಹೆಂಗಸು ರೇಗಿದಳು. "ಹೇಗೋ ಸುಮ್ನಿರಿಸಿದ್ದೆ, ಹಾಳು ಮಾಡಿದ್ರಿ. ನನ್ನ ಮಗೂನ ನಾನು ಹೆದರಿಸ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?"

ತಾತ ಮುಚ್ಚಿದ ಬಾಗಿಲಿನ ಕಡೆ ತಿರುಗಿದರು.

"ಏಳು ವರ್ಷದ್ದಮ್ಮ," ಎಂದರು. "ಚೂಟಿ ಅಂತ ಕರೀತಿದ್ವಿ."