ಏಳು ಹತ್ತರ ಲಿಫ್ಟಿನ ಸರಾಸರಿ ತೂಕ

ಮಾರ್ಚ್ 9, ಸೋಮವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಐದನೇ ಮಹಡಿಯಲ್ಲಿ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಆರು ಜನ ಇದ್ದರು. ಅಮ್ಮ ಕೋಲೂರಿಕೊಂಡು ಏಳನೆಯವರಾಗಿ ಒಳಗೆ ಕಾಲಿಟ್ಟಿದ್ದೇ ತಡ, ತಲೆಯ ಮೇಲಿನ ಗಂಟೆ ಕರ್ ಎಂದು ಕಿರುಚತೊಡಗಿತು. ಭಾರ ಹೆಚ್ಚಾಯಿತು ಎಂದು ಅದರ ಅರ್ಥ.

ಆ ಕಟ್ಟಡದಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು. ಗಂಟೆ ಹೊಡೆದರೆ ಕೊನೆಗೆ ಹತ್ತಿದವರು ಇಳಿಯಬೇಕು. ಅವರು ಇಳಿಯುವ ತನಕ ಉಳಿದವರೆಲ್ಲ ಚಾವಣಿಯ ದೀಪವನ್ನು ಅದೇ ಮೊದಲ ಸಲ ಕಂಡವರ ಹಾಗೆ ನೋಡುತ್ತ ನಿಲ್ಲುತ್ತಿದ್ದರು. ಲಿಫ್ಟು ಏಳನೇ ಮಹಡಿಯಿಂದ ತುಂಬಿಕೊಂಡು ಬರುತ್ತಿದ್ದುದರಿಂದ ಐದನೆಯ ಮಹಡಿಯವರು ಯಾವಾಗಲೂ ಕೊನೆಯವರೇ. ಅಮ್ಮ ಹಿಂದಕ್ಕೆ ಹೆಜ್ಜೆಯಿಟ್ಟು, ತನಗೇನು ಆಫೀಸೇ, ಕಾಲೇಜೇ, ನೀವೆಲ್ಲ ನಡೆಯಿರಿ ಎಂದು ಬೀಳ್ಕೊಟ್ಟರು. ಬಾಗಿಲು ಮುಚ್ಚಿತು. ಗಂಟೆ ಸುಮ್ಮನಾಯಿತು.

ಮನೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ ಮಗಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಕಟ್ಟಡಕ್ಕೆಲ್ಲ ಅವಳು ‘ಮೇಡಂ’, ಅಮ್ಮನಿಗೆ ಮಾತ್ರ ನಲವತ್ತಾರರಲ್ಲೂ ‘ಪುಟ್ಟಿ’. ಅಮ್ಮನ ಮಂಡಿಗೆ ಆಪರೇಶನ್ ಆಗಿ ಎರಡು ತಿಂಗಳಾಗಿತ್ತು. ಮೆಟ್ಟಿಲು ಇಳಿಯುವಂತಿರಲಿಲ್ಲ. ಪಕ್ಕದ ಬೀದಿಯಲ್ಲಿ ಬೆಳಗ್ಗೆ ಏಳೂವರೆಗೆ ಮಂಡಿಯ ವ್ಯಾಯಾಮ. ದಿನವೂ ಹೋಗದಿದ್ದರೆ ಕಾಲು ಪೊರಕೆಕಡ್ಡಿಯ ಹಾಗೆ ನೆಟ್ಟಗೇ ಉಳಿದೀತು ಎಂದು ಡಾಕ್ಟರು ಹೆದರಿಸಿದ್ದರು. ಚೆನ್ನಾಗಿ ತಿನ್ನಬೇಕು ಎಂದೂ ಹೇಳಿದ್ದರು. ಮೇಡಂ ಪ್ರತಿ ಮಧ್ಯಾಹ್ನ ಕಾಲೇಜಿನಿಂದ ಫೋನು ಮಾಡಿ ಊಟವಾಯಿತೇ ಎಂದು ಕೇಳುತ್ತಿದ್ದಳು. ಹೊಟ್ಟೆ ಬಿರಿಯುವಷ್ಟು ಆಯಿತು ಎಂದು ಅಮ್ಮ ಹೇಳುತ್ತಿದ್ದರು. ಆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು.

ಲಿಫ್ಟಿನ ಒಳಗಿನ ಫಲಕದ ಮೇಲೆ ‘8 ಜನ, 544 ಕಿಲೋ’ ಎಂದು ಕೊರೆದಿತ್ತು. ಏಳು ಜನರಿಗೇ ಸುಸ್ತಾದರೆ ತಪ್ಪು ಲಿಫ್ಟಿನದೋ ಜನರದೋ ಎಂಬ ಪ್ರಶ್ನೆ ಅಂದು ಸಂಜೆಯೇ ನಿವಾಸಿಗಳ ಸಂಘದ ಮುಂದೆ ಬಂತು. ಸಂಘದ ಅಧ್ಯಕ್ಷರು ನಿವೃತ್ತ ಪೋಸ್ಟ್‌ಮಾಸ್ಟರು. ಅವರ ಮನೆ ಮೊದಲನೇ ಮಹಡಿಯಲ್ಲಿ. ಲಿಫ್ಟು ಹತ್ತಿದವರೇ ಅಲ್ಲ, ಆದ್ದರಿಂದ ಅದರ ಬಗ್ಗೆ ಅವರಿಗೆ ಬಹಳ ಖಚಿತ ಅಭಿಪ್ರಾಯಗಳಿದ್ದವು. ಲಿಫ್ಟಿನ ಕಂಪನಿಯವನು ಬಂದು ಕೆಳಗೆ ಮೇಲೆ ಟಾರ್ಚು ಬಿಟ್ಟು ನೋಡಿದ್ದ. ಭಾರ ಅಳೆಯುವ ಭಾಗ ಕೆಟ್ಟಿದ್ದರೂ ಕೆಟ್ಟಿರಬಹುದು, ಹೊಸದು ಬರುವುದಕ್ಕೆ ನಾಲ್ಕು ತಿಂಗಳು, ಅಲ್ಲಿಯವರೆಗೆ ಲಿಫ್ಟು ಬಂದ್, ಪರೀಕ್ಷೆ ಮಾಡುವ ತೂಕದ ಕಲ್ಲುಗಳೂ ಆ ಭಾಗದ ಜೊತೆಗೇ ಬರುತ್ತವೆ ಎಂದು ಹೇಳಿ ಹೋಗಿದ್ದ.

ನಾಲ್ಕು ತಿಂಗಳು ಎಂದಾಗ ಮೇಡಂಗೆ ಐದನೇ ಮಹಡಿಯ ಕಿಟಕಿಯಲ್ಲಿ ನೆಟ್ಟಗೆ ಕಾಲು ಚಾಚಿ ಕುಳಿತ ಅಮ್ಮ ಕಣ್ಣ ಮುಂದೆ ಬಂದರು. ಅವಳು ಎದ್ದು ನಿಂತು, ಬಾಗಿಲು ಮುಚ್ಚುವ ಮುಂಚೆ ಜನರನ್ನು ಅಳೆಯೋಣ ಎಂದಳು. ಐನೂರ ನಲವತ್ತನಾಲ್ಕನ್ನು ಎಂಟರಿಂದ ಭಾಗಿಸಿದರೆ ಅರವತ್ತೆಂಟು. ಅಂದರೆ ಫಲಕ ಬರೆದವರು ಒಬ್ಬರ ಸರಾಸರಿ ತೂಕ ಅರವತ್ತೆಂಟು ಕಿಲೋ ಎಂದು ಲೆಕ್ಕ ಹಿಡಿದಿದ್ದಾರೆ. ನಮ್ಮ ಸರಾಸರಿ ಅದಕ್ಕಿಂತ ಹೆಚ್ಚಿದ್ದರೆ ಲಿಫ್ಟು ನಿರಪರಾಧಿ. ದೊಡ್ಡವರೆಲ್ಲ ಹೆಸರು ಬರೆಯದೆ ತಮ್ಮ ತೂಕ ಮಾತ್ರ ಒಂದು ಚೀಟಿಯಲ್ಲಿ ಬರೆದು ಕೆಳಗಿನ ಡಬ್ಬಿಗೆ ಹಾಕಿದರೆ ಸಾಕು. ಸಭೆ ಒಪ್ಪಿತು. ಅಮ್ಮ ಯಾವ ಗುಟ್ಟೂ ಮಾಡದೆ, ಐವತ್ತೈದು ಅಂತ ಬರಕೋ ಎಂದು ಮಗಳ ಕೈಯಲ್ಲೇ ಬರೆಸಿದರು.

ಬುಧವಾರದ ಹೊತ್ತಿಗೆ ನಲವತ್ತೆಂಟು ಚೀಟಿ ಬಿದ್ದಿದ್ದವು. ಒಂದರಲ್ಲಿ 118 ಎಂದಿತ್ತು. ಉಳಿದ ಯಾವುದೂ ಎಪ್ಪತ್ತು ದಾಟಿರಲಿಲ್ಲ. ಗುಂಪಿನಿಂದ ಇಷ್ಟು ದೂರ ಬಿದ್ದ ಬೆಲೆ ಸಾಮಾನ್ಯವಾಗಿ ಕೈತಪ್ಪಿನಿಂದ ಬಂದದ್ದು, ಒಂದೇ ಒಂದು ಸೇರಿಕೊಂಡು ಇಡೀ ಸರಾಸರಿಯನ್ನು ತನ್ನ ಕಡೆಗೆ ಎಳೆದುಬಿಡುತ್ತದೆ ಎಂದು ಮೇಡಂ ಸಭೆಗೆ ವಿವರಿಸಿ, ಅದನ್ನು ಪಕ್ಕಕ್ಕಿಟ್ಟಳು. ಉಳಿದವುಗಳ ಸರಾಸರಿ ಐವತ್ತೆಂಟು. ಮಧ್ಯಾಂಕವೂ ಹತ್ತಿರ ಹತ್ತಿರ ಅಷ್ಟೇ. ಮಧ್ಯಾಂಕ ಎಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ ನಟ್ಟನಡುವೆ ಬರುವವರು ಎಂದಳು. ಹಾಗಾದರೆ ಅದು ನಾಲ್ಕನೇ ಮಹಡಿ ಎಂದರು ಅಧ್ಯಕ್ಷರು. ತೂಕದ ಸಾಲು, ಮಹಡಿಯ ಸಾಲಲ್ಲ ಎಂದು ತಿದ್ದುವಷ್ಟರಲ್ಲಿ ಅವರು ಗುಣಾಕಾರ ಮುಗಿಸಿಬಿಟ್ಟಿದ್ದರು. ಐವತ್ತೆಂಟು ಗುಣಿಸು ಎಂಟು, ನಾನೂರ ಅರವತ್ತನಾಲ್ಕು. ಐನೂರ ನಲವತ್ತನಾಲ್ಕಕ್ಕೆ ಇನ್ನೂ ಎಂಬತ್ತು ಕಿಲೋ ಬಾಕಿ. ಜನ ಹಗುರ, ಲಿಫ್ಟು ಕೆಟ್ಟಿದೆ. ಬರುವ ಸೋಮವಾರದಿಂದ ಬಂದ್ ಎಂದು ಸಭೆ ಒಮ್ಮತದಿಂದ ತೀರ್ಮಾನಿಸಿತು. ತಾವೆಲ್ಲ ಹಗುರ ಎಂದು ಶಾಸ್ತ್ರವೇ ಹೇಳಿದ ಖುಷಿಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಸುದ್ದಿ ಕೇಳಿದ ಅಮ್ಮ, “ಇಷ್ಟು ಓದಿಸಿದ್ದಕ್ಕೆ ನನ್ನ ಕಾಲನ್ನೇ ಕಟ್ಟಿಹಾಕಿದ್ಯಲ್ಲೇ ಪುಟ್ಟಿ” ಎಂದರು.

ಗುರುವಾರ ಸಂಜೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಚೌಕಟ್ಟು ತುಂಬ ಏಳನೇ ಮಹಡಿಯ ಕಡ್ಡಿ. ಎದುರು ಬೀದಿಯ ಪಾರ್ಸೆಲ್ ಆಫೀಸಿನಲ್ಲಿ ತೂಕ ಹಾಕುವ ಕೆಲಸ ಅವನದು. ಕಡ್ಡಿ ಎಂಬ ಹೆಸರನ್ನು ಯಾರು ಇಟ್ಟರೋ, ಇಟ್ಟವರಿಗೆ ತಮಾಷೆ ಗೊತ್ತಿತ್ತು.

“ಮೇಡಂ, ನಾನು ಈ ಬಿಲ್ಡಿಂಗಲ್ಲೇ ಇದೀನಿ ಅಲ್ವಾ?”

“ಇದೀರಿ.”

“ದಿನಾ ಏಳೂ ಹತ್ತಕ್ಕೆ ಅದೇ ಲಿಫ್ಟಲ್ಲಿ ಇಳಿಯೋನು ನಾನೇ ಅಲ್ವಾ?”

“ನೀವೇ.”

“ಮತ್ತೆ ನನ್ನ ಲೆಕ್ಕದಿಂದ ಯಾಕೆ ಇಳಿಸಿದ್ರಿ? ಲಿಫ್ಟಿಂದ್ಲೇ ಇದುವರೆಗೂ ಯಾರೂ ಇಳಿಸಿಲ್ಲ.”

ಮೇಡಂ ತಡವರಿಸುತ್ತ, ಯಾರೋ ಎಂಬತ್ತೊಂದು ಬರೆಯಲು ಹೋಗಿ ಅಂಕಿ ಹಿಂದುಮುಂದಾಗಿ, 1 ಇನ್ನೊಮ್ಮೆ ಬಿದ್ದಿರಬೇಕು ಎಂದುಕೊಂಡೆ ಎಂದಳು.

“ಹಿಂದೂ ಇಲ್ಲ ಮುಂದೂ ಇಲ್ಲ. ದಿನಾ ಬೆಳಗ್ಗೆ ತೂಕದ ಮಿಷನ್ ಮೇಲೆ ಮೊದ್ಲು ನಾನೇ ನಿಲ್ತೀನಿ. ನೂರ ಹದಿನೆಂಟು ತೋರಿಸಿದ್ರೆ ಮಿಷನ್ ಸರಿಯಾಗಿದೆ ಅಂತ.”

ಒಳಗಿನಿಂದ ಅಮ್ಮನ ದನಿ ಬಂತು. “ನಿಜ ಬರೆದೋನು ಅವನೊಬ್ಬ. ಅವನನ್ನೇ ಆಚೆ ಹಾಕಿದ್ಯಾ?”

ಕಡ್ಡಿ ಹೋದ ಮೇಲೆ ಮೇಡಂ ಚೀಟಿಗಳನ್ನು ಮತ್ತೆ ಮೇಜಿನ ಮೇಲೆ ಹರಡಿದಳು. ಬಹುಲಕ, ಅಂದರೆ ಎಲ್ಲಕ್ಕಿಂತ ಹೆಚ್ಚು ಸಲ ಬಂದ ಬೆಲೆ, ಐವತ್ತೈದು. ಹದಿಮೂರು ಜನ ಕೂಡಿ ಮಾತಾಡಿಕೊಂಡವರ ಹಾಗೆ ಐವತ್ತೈದೇ ಬರೆದಿದ್ದರು. ಬಹುಪಾಲು ಚೀಟಿಗಳ ಕೊನೆಯ ಅಂಕಿ ಸೊನ್ನೆ ಇಲ್ಲವೇ ಐದು. ಯಾವ ದೇಹವೂ ಇಷ್ಟು ಶಿಸ್ತಿನಿಂದ ಬೆಳೆಯುವುದಿಲ್ಲ. ಒಬ್ಬೊಬ್ಬರೂ ತಾವು ತೀರ ಚೆನ್ನಾಗಿ ಕಾಣುತ್ತಿದ್ದ ವರ್ಷದ ತೂಕವನ್ನು ನೆನಪಿನಿಂದ ತೆಗೆದು ಬರೆದಂತಿತ್ತು. ಒಂದು ಚೀಟಿಯಲ್ಲಿ ದುಂಡಗಿನ, ತಿದ್ದಿ ತೀಡಿದ ಅಕ್ಷರದಲ್ಲಿ 60 ಎಂದಿತ್ತು. ಅದು ಅವಳದೇ ಅಕ್ಷರ. ಕಳೆದ ತಿಂಗಳು ಕಾಲೇಜಿನ ತಪಾಸಣೆಯಲ್ಲಿ ಅವಳ ತೂಕ ಅರವತ್ತಾರು.

ತರಗತಿಯಲ್ಲಿ ಅವಳೇ ವರ್ಷಕ್ಕೊಮ್ಮೆ ಹೇಳುವ ಪಾಠ ಇದು. ತಪ್ಪುಗಳು ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಆದರೆ ಒಂದನ್ನೊಂದು ತಿಂದುಹಾಕುತ್ತವೆ, ಸರಾಸರಿ ಬದುಕಿಕೊಳ್ಳುತ್ತದೆ. ಎಲ್ಲರೂ ಒಂದೇ ಕಡೆಗೆ ವಾಲಿದರೆ ಎಷ್ಟು ಚೀಟಿ ಕೂಡಿಸಿದರೂ ಪ್ರಯೋಜನವಿಲ್ಲ, ತಪ್ಪಿನ ಮೇಲೆ ನಂಬಿಕೆ ಹೆಚ್ಚುತ್ತದೆ ಅಷ್ಟೆ. ಇಲ್ಲಿ ಎಲ್ಲರೂ ಕೆಳಕ್ಕೇ ವಾಲಿದ್ದರು. ಸಾಲದ್ದಕ್ಕೆ ಅವಳು ಕೇಳಿದ್ದು ಇಡೀ ಕಟ್ಟಡವನ್ನು. ಗಂಟೆ ಹೊಡೆಯುವುದು ಮಾತ್ರ ಏಳು ಹತ್ತರ ಆರು ಜನರ ಜೊತೆ ಅಮ್ಮ ಹತ್ತಿದಾಗ. ಅವರ ಕೈಯಲ್ಲಿನ ಚೀಲಗಳನ್ನು ಅವಳು ಕೇಳಿಯೇ ಇರಲಿಲ್ಲ.

ಹಾಗಾಗಿ ಶುಕ್ರವಾರ ಬೆಳಗ್ಗೆ, ತೂಕ ಹಾಕಿಸಿಕೊಳ್ಳಿ ಎಂದು ಆ ಆರು ಜನರ ಬೆನ್ನು ಹತ್ತಿದಳು. ಕಡ್ಡಿ ಎರಡು ಮಾತಿಲ್ಲದೆ ಒಪ್ಪಿದ. ಅವನ ಪಕ್ಕದ ಮನೆಯ ಅಣ್ಣತಮ್ಮಂದಿರು ನೆಲಕ್ಕೆ ಹಾಸುವ ಟೈಲ್ಸ್ ಮಾರುವವರು. ತಿಂಡಿ ತಿಂದ ಮೇಲೆ ತೂಗಿಸಿಕೊಳ್ಳುವುದು ನ್ಯಾಯವಲ್ಲ, ತಿನ್ನದೆ ತೂಗಿಸಿಕೊಳ್ಳಲು ತ್ರಾಣವಿಲ್ಲ ಎಂದರು. ಆರನೇ ಮಹಡಿಯ ಬ್ಯಾಂಕಿನ ದಂಪತಿಯಲ್ಲಿ ಹೆಂಡತಿ ಗಂಡನಿಲ್ಲದಾಗ ಬರುತ್ತೇನೆಂದಳು, ಗಂಡ ಹೆಂಡತಿಯಿಲ್ಲದಾಗ. ಅದೇ ಮಹಡಿಯ ಟೈಲರಮ್ಮ ಹೊಲಿಗೆ ನಿಲ್ಲಿಸದೆಯೇ ಮಾತಾಡಿದಳು.

“ಈ ಬಿಲ್ಡಿಂಗಲ್ಲಿ ಎಲ್ಲರ ಸೊಂಟದ ಅಳತೆ ನಂಗೊತ್ತು ಮೇಡಂ, ನಿಮ್ಮದೂ ಸೇರಿ. ಯಾವತ್ತಾದ್ರೂ ಬಾಯಿ ಬಿಟ್ಟಿದೀನಾ? ನನ್ನದನ್ನ ನೀವೂ ಕೇಳ್ಬಾರ್ದು.”

ಮಧ್ಯಾಹ್ನ ಮೇಡಂ ಎಂದಿನಂತೆ ಅಮ್ಮನಿಗೆ ಫೋನು ಮಾಡಿ, ಎಂದಿನ ಉತ್ತರ ಪಡೆದು, ತರಗತಿಗೆ ಹೋದಳು. ಸರಾಸರಿ ಎಂದರೆ ಎಲ್ಲ ಬೆಲೆಗಳ ಮೊತ್ತ, ಭಾಗಿಸು ಅವುಗಳ ಸಂಖ್ಯೆ ಎಂದು ಹಲಗೆಯ ಮೇಲೆ ಬರೆಯುತ್ತಿದ್ದವಳು ಅರ್ಧಕ್ಕೆ ನಿಂತುಬಿಟ್ಟಳು. ಇಪ್ಪತ್ತು ವರ್ಷದಿಂದ ಬರೆದದ್ದು ಅಂದು ಬೇರೆಯಾಗಿ ಕಂಡಿತು. ಮೊತ್ತಕ್ಕೆ ನೆನಪಿನ ಶಕ್ತಿ ಇಲ್ಲ. ಯಾರು ಎಷ್ಟು ತಂದು ಹಾಕಿದರು ಎಂಬುದನ್ನು ಅದು ಯಾರಿಗೂ ಹೇಳುವುದಿಲ್ಲ. ಒಬ್ಬೊಬ್ಬರನ್ನೇ ಯಾಕೆ ತೂಗಬೇಕು? ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿದರೆ ಸಾಕಲ್ಲ.

ಕಡ್ಡಿಯ ಆಫೀಸಿನಲ್ಲಿ ನೆಲಮಟ್ಟದ ಒಂದು ತೂಕದ ಯಂತ್ರವಿತ್ತು. ಮಂಚದಗಲದ ಕಬ್ಬಿಣದ ಹಲಗೆ, ಸಾವಿರ ಕಿಲೋವರೆಗೆ ತೂಗುತ್ತಿತ್ತು. ಅಂಕಿ ಕಾಣುವ ಪೆಟ್ಟಿಗೆ ಪಕ್ಕದ ಕಂಬದ ಮೇಲೆ. ಈ ಉಪಾಯಕ್ಕೆ ಎಲ್ಲರೂ ಒಪ್ಪಿದರು, ಆದರೆ ಬಹಳ ಚೌಕಾಸಿಯ ನಂತರ. ಒಬ್ಬೊಬ್ಬರಾಗಿ ಹತ್ತಬಾರದು, ಹತ್ತಿದರೆ ವ್ಯತ್ಯಾಸದಿಂದ ಗುಟ್ಟು ಬಯಲಾಗುತ್ತದೆ ಎಂದು ಬ್ಯಾಂಕಿನಾಕೆ ಕಂಡುಹಿಡಿದಳು. ಹಾಗಾದರೆ ಇಳಿಯುವುದೂ ಒಟ್ಟಿಗೇ, ಒಂದೇ ನೆಗೆತಕ್ಕೆ ಎಂದ ಅವಳ ಗಂಡ. ಮದುವೆಯಾದಮೇಲೆ ಅವರಿಬ್ಬರೂ ಇಷ್ಟು ಒಗ್ಗಟ್ಟಾಗಿ ಮಾತಾಡಿದ್ದನ್ನು ಕೇಳಿದ್ದು ಇದೇ ಮೊದಲು ಎಂದಳು ಟೈಲರಮ್ಮ. ಅವಳದೂ ಒಂದು ಷರತ್ತಿತ್ತು. ಮೇಡಂ ಮನೆಯ ಅಜ್ಜಿಯೂ ನಿಲ್ಲಬೇಕು. ಹಿರಿಯರು ಜೊತೆಗಿದ್ದರೆ ಯಾರೂ ನಗುವುದಿಲ್ಲ. ತಮ್ಮ ಮಹಡಿಯವರನ್ನೂ ಕರೆತರಲೇ ಎಂದು ಅಧ್ಯಕ್ಷರು ಕೇಳಿದರು. ಮೇಡಂ ಬೇಡವೆಂದಳು. ಲಿಫ್ಟು ಹತ್ತದವರನ್ನು ತೂಗಿ ಲಿಫ್ಟಿನ ಬಗ್ಗೆ ಏನೂ ಹೇಳಲಾಗದು. ಮಾದರಿ ಯಾವ ಗುಂಪಿನಿಂದ ಬಂತೋ ಆ ಗುಂಪಿನ ವಿಷಯವನ್ನಷ್ಟೇ ಅದು ಹೇಳಬಲ್ಲದು.

ಶನಿವಾರ ಬೆಳಗ್ಗೆ ಏಳೂ ಹತ್ತಕ್ಕೆ ಲಿಫ್ಟು ಎಂದಿನಂತೆ ಅಮ್ಮನನ್ನು ಇಳಿಸಿ ಆರು ಜನರೊಡನೆ ಕೆಳಗೆ ಹೋಯಿತು. ಎರಡನೇ ಸಲ ಅಮ್ಮನೊಬ್ಬರಿಗಾಗಿ ಬಂತು. ಪಾರ್ಸೆಲ್ ಆಫೀಸಿನಲ್ಲಿ ಪೆಟ್ಟಿಗೆಗಳ ನಡುವೆ ಏಳು ಜನ ಕಬ್ಬಿಣದ ಹಲಗೆಯ ಅಂಚಿನಲ್ಲಿ ಸಾಲಾಗಿ ನಿಂತರು, ಚೀಲಗಳು ಕೈಯಲ್ಲೇ. ಟೈಲರಮ್ಮನ ಹೆಗಲಲ್ಲಿ ಬಟ್ಟೆಯ ಗಂಟು. ಅಣ್ಣತಮ್ಮಂದಿರ ಕೈಯಲ್ಲಿ ಗಿರಾಕಿಗಳಿಗೆ ತೋರಿಸುವ ಟೈಲ್ಸ್ ತುಂಬಿದ ಒಂದೊಂದು ಚೀಲ. ಅವರು ಅದನ್ನು ದಿನವೂ ಹೊರುತ್ತಿದ್ದರು, ಅದು ಭಾರ ಎಂಬುದೇ ಅವರಿಗೆ ಮರೆತುಹೋಗಿತ್ತು. ಮೇಡಂ ಮೂರು ಎಣಿಸಿದಳು. ಎಲ್ಲರೂ ಹತ್ತಿದರು, ಕಡ್ಡಿ ಅಮ್ಮನ ಕೈ ಹಿಡಿದು ಹತ್ತಿಸಿಕೊಂಡ. ಕಂಬದ ಮೇಲಿನ ಕೆಂಪು ಅಂಕಿಗಳು ಕುಣಿದು ಕುಣಿದು ನಿಂತವು.

ಅಧ್ಯಕ್ಷರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. ಐನೂರ ಎಪ್ಪತ್ತೊಂದು.

ಒಂದು ಕ್ಷಣ ಎಲ್ಲರೂ ಚಾವಣಿ ನೋಡಿದರು. ಆಮೇಲೆ ಪ್ರತಿಯೊಬ್ಬರೂ ಪಕ್ಕದವರ ಕಡೆಗೆ ಕರುಣೆಯಿಂದ ನೋಡಿದರು. ಮೇಡಂ ಹೇಳಿದಳು, ಏಳು ಜನಕ್ಕೆ ಐನೂರ ಎಪ್ಪತ್ತೊಂದು, ಒಬ್ಬರಿಗೆ ಸರಾಸರಿ ಎಂಬತ್ತೊಂದೂವರೆ ಕಿಲೋ. ಫಲಕದ ಲೆಕ್ಕ ಅರವತ್ತೆಂಟು. ಗಂಟೆ ಹೊಡೆದದ್ದು ಸರಿ. ಲಿಫ್ಟಿಗೆ ಏನೂ ಆಗಿಲ್ಲ.

“ಹಾಗಾದ್ರೆ ಅಜ್ಜಿ ದಿನಾ ಇಳೀತಾನೇ ಇರ್ಬೇಕಾ?” ಎಂದ ಕಡ್ಡಿ.

ಟೈಲ್ಸಿನ ಅಣ್ಣ ತಮ್ಮನ ಮುಖ ನೋಡಿದ. ಇಬ್ಬರೂ ಬಗ್ಗಿ ಚೀಲಗಳನ್ನು ಹಲಗೆಯಾಚೆ ನೆಲಕ್ಕಿಟ್ಟರು. ಅಂಕಿಗಳು ಜಾರಿ ಐನೂರ ನಲವತ್ತೊಂದಕ್ಕೆ ನಿಂತವು. ಇನ್ನು ಮೂರು ಕಿಲೋ ಉಳಿದಿತ್ತು. ಇನ್ನು ಮೇಲೆ ಗಂಟೆ ಹೊಡೆದರೆ ಇಳಿಯಬೇಕಾದದ್ದು ಜನರಲ್ಲ, ಚೀಲ ಎಂದು ಅಧ್ಯಕ್ಷರು ಅಲ್ಲೇ ನಿಯಮ ಬದಲಿಸಿದರು. ಚೀಲಗಳು ರಾತ್ರಿ ತನ್ನ ಆಫೀಸಿನಲ್ಲೇ ಮಲಗಲಿ ಎಂದ ಕಡ್ಡಿ. ಸೋಮವಾರದ ಬಂದ್ ರದ್ದಾಯಿತು.

“ಸರಿ, ಇಳಿಯೋಣ. ಒಟ್ಟಿಗೆ, ಯಾರೂ ಮೋಸ ಮಾಡ್ಬಾರ್ದು” ಎಂದಳು ಬ್ಯಾಂಕಿನಾಕೆ.

ಮೇಡಂ ಮತ್ತೆ ಮೂರು ಎಣಿಸಿದಳು. ಆರು ಜನ ಗುಟ್ಟು ಕಾಪಾಡಿಕೊಳ್ಳುವ ಆತುರದಲ್ಲಿ ಒಂದೇ ನೆಗೆತಕ್ಕೆ ನೆಲ ಸೇರಿದರು. ಕಡ್ಡಿ ಬಿದ್ದ ರಭಸಕ್ಕೆ ಗೋಡೆಗೊರಗಿದ್ದ ಪೆಟ್ಟಿಗೆಗಳು ಅದುರಿದವು. ಅಮ್ಮನಿಗೆ ಮಂಡಿ ಮಡಚಿ ನೆಗೆಯಲು ಆಗುವಂತಿರಲಿಲ್ಲ. ಯಾರಿಗೂ ಅದು ಹೊಳೆದಿರಲಿಲ್ಲ. ಅಷ್ಟಗಲದ ಹಲಗೆಯ ನಡುವೆ ಶಾಲು ಹೊದ್ದುಕೊಂಡು ಅವರೊಬ್ಬರೇ ನಿಂತಿದ್ದರು.

“ಅದನ್ನ ನೋಡ್ಬೇಡ ಪುಟ್ಟಿ” ಎಂದರು ಅಮ್ಮ.

ಮೇಡಂ ಆಗಲೇ ಕಂಬದ ಕಡೆ ತಿರುಗಿದ್ದಳು. ಐವತ್ತೈದು ಎಂದು ಅಮ್ಮನ ಚೀಟಿಯನ್ನು ತನ್ನ ಕೈಯಲ್ಲೇ ಬರೆದದ್ದು, ಹೊಟ್ಟೆ ಬಿರಿಯುವಷ್ಟು ಆಯಿತು ಎಂದು ದಿನವೂ ಫೋನಿನಲ್ಲಿ ಕೇಳಿ ನಂಬಿದ್ದು, ಎರಡೂ ಅವಳಿಗೆ ಒಟ್ಟಿಗೆ ನೆನಪಾದವು. ಕೆಂಪು ಅಂಕಿಗಳು ಒಂದೆರಡು ಸಲ ಮಿನುಗಿ ನಿಂತವು. ಊರುಗೋಲು ಸಮೇತ, 41.6 ಕಿಲೋ.