ನೀವು ಮೊದಲು ನಡೀರಿ

ಬಸ್ಸಿನಿಂದ ಇಳಿದಾಗಿನಿಂದಲೂ ಕಿಸಾಯೊ ಕಂಕುಳಿನ ಚೀಲವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅದರಲ್ಲಿ ಅವಳ ಗಂಡ ಟೊಕುಜಿ ಇದ್ದಿಲು ಸುಡುವಾಗ ತಲೆಗೆ ಕಟ್ಟಿಕೊಳ್ಳುತ್ತಿದ್ದ ವಸ್ತ್ರವಿತ್ತು. ಒಗೆದೂ ಒಗೆದೂ ಅದರ ನೀಲಿ ಹೋಗಿತ್ತೇ ಹೊರತು ಹೊಗೆಯ ವಾಸನೆ ಹೋಗಿರಲಿಲ್ಲ. ಹೋದ ಮಳೆಗಾಲದಲ್ಲಿ ಲಕ್ವ ಹೊಡೆದು ಟೊಕುಜಿಯ ಬಲಗೈ ಮರಗಟ್ಟಿತ್ತು. ಕಾಯಿಲೆಯವರ ಬಟ್ಟೆಯನ್ನು ಎದೆಗವಚಿಕೊಂಡು ಕೆಂಡ ಹಾಯ್ದರೆ ಫುದೋ ದೇವರ ಬೆಂಕಿ ಕಾಯಿಲೆಯನ್ನು ಸುಟ್ಟುಬಿಡುತ್ತದೆಂದು ಕೀಶೂ ಬೆಟ್ಟಗಳ ಜನ ನಂಬಿದ್ದರು.

ಟೊಕುಜಿ ಅಂಥ ಭಕ್ತನೇನಲ್ಲ. ಆದರೆ ಬೆಂಕಿಯ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಹೊರಡುವಾಗ ಹಾಸಿಗೆಯಿಂದಲೇ ಹೇಳಿದ್ದ:

"ಸನ್ಯಾಸಿಗಳ ಬೆನ್ನಿಗೇ ನಿಂತ್ಕೋ. ಜನ ತುಳಿದಷ್ಟೂ ಬೂದಿಯಾಗ್ತದೆ. ಕಾಲಿಗೆ ಬಿಸಿ ತಾಕದಿದ್ರೆ ಅಷ್ಟು ದೂರ ಹೋಗಿ ಏನು ಬಂತು? ನಮ್ಮ ಅಂಗಳದಲ್ಲೇ ಓಡಾಡು."

ಹಾಗೆಂದೇ ಅವಳು ಬೆಳಗಿನ ಮೊದಲ ಬಸ್ಸಿಗೆ ಹೊರಟು, ಗುಡಿಯ ಬಯಲಿನಲ್ಲಿ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕದ ಜಾಗವನ್ನೇ ಹಿಡಿದಿದ್ದಳು. ಜೊತೆಗೆ ಬಂದಿದ್ದವಳು ಅತ್ತಿಗೆ ಉಮೆನೊ, ಟೊಕುಜಿಯ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವಳಿಗಿಂತ ಮೊದಲು ಕಿಸಾಯೊ ಮನೆಯಲ್ಲಿ ಊಟಕ್ಕೆ ಕೂತವಳಲ್ಲ, ಹೊಸಿಲು ದಾಟಿದವಳಲ್ಲ. ಸರದಿಯಲ್ಲೂ ಅತ್ತಿಗೆ ಮುಂದೆ, ಅವಳು ಹಿಂದೆ.

ಶಂಖಗಳು ಮೊಳಗಿದವು. ಬೆಟ್ಟದ ಸನ್ಯಾಸಿಗಳು ದಿಕ್ಕುದಿಕ್ಕಿಗೆ ಬಾಣ ಬಿಟ್ಟು, ಹಿನೋಕಿ ಮರದ ಹಸಿಸೊಪ್ಪು ಹೊದಿಸಿದ ಸೌದೆಯ ಒಟ್ಟಿಲಿಗೆ ಬೆಂಕಿಯಿಟ್ಟರು. ಹಾವಸೆ ಬಣ್ಣದ ಹೊಗೆ ಎದ್ದು ಬಯಲನ್ನೆಲ್ಲ ಮುಚ್ಚಿತು. ಅದು ತಿಳಿಯಾಗುವ ಹೊತ್ತಿಗೆ ಒಟ್ಟಿಲು ಕುಸಿದಿತ್ತು. ಕೆಂಡವನ್ನು ಎಳೆದು ಹಾಸಿ ದಾರಿ ಮಾಡಿದರು. ಮಂತ್ರ ಹೇಳುತ್ತ ಸನ್ಯಾಸಿಗಳು ದಾಟಿಹೋದರು. ಜನರಿಗಾಗಿ ಹಗ್ಗ ಬಿಚ್ಚಿದರು.

ಕೆಂಡ ಹಣ್ಣಾದ ಪರ್ಸಿಮನ್ನಿನ ಕಡುಕಿತ್ತಳೆ ಬಣ್ಣಕ್ಕಿತ್ತು. ಇದೇ ಹೊತ್ತು ಎಂದುಕೊಂಡಳು ಕಿಸಾಯೊ.

ಆಗ ಉಮೆನೊ ಪಕ್ಕಕ್ಕೆ ಸರಿದು ಕೋಲೂರಿಕೊಂಡು ನಿಂತಿದ್ದ ಮುದುಕನಿಗೆ ತಲೆಬಾಗಿದಳು. "ನೀವು ಮೊದಲು ನಡೀರಿ ತಾತ."

ಇರಲಿ, ಮುದುಕ. ಅವನ ಹಿಂದೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡವಳೊಬ್ಬಳು. ಅದೂ ಇರಲಿ. ಆಮೇಲೆ ಪೇಟೆಯ ಹೆಂಗಸರ ಗುಂಪು. ಬೂಟು ಕೈಯಲ್ಲಿ ಹಿಡಿದು ಕಿಲಕಿಲ ನಗುತ್ತಿದ್ದರು.

"ದೂರದಿಂದ ಬಂದಿದ್ದೀರ, ಮೊದಲು ನೀವೇ ನಡೀರಿ," ಎಂದಳು ಉಮೆನೊ.

"ಅಯ್ಯೋ, ಬೇಡ, ದೊಡ್ಡವರು ನೀವು."

"ಛೇ ಛೇ, ಎಲ್ಲಾದರೂ ಉಂಟೆ!"

ಇವಳು ಬಾಗಿದಳು, ಅವರು ಬಾಗಿದರು. ಅವರು ಇನ್ನೂ ಬಾಗಿದರೆ ಇವಳು ಮತ್ತೂ ಬಾಗಿದಳು. ಕೆಂಡದ ಮೇಲೆ ಬಿಳಿ ಪೊರೆ ಕಟ್ಟತೊಡಗಿತ್ತು.

"ಅತ್ತಿಗೆ, ನಮಗೂ ಅವಸರವೇ ಅಲ್ವಾ?" ಎಂದಳು ಕಿಸಾಯೊ, ಹಲ್ಲು ಕಚ್ಚಿಕೊಂಡು.

"ದೇವರ ಮುಂದೆ ನುಗ್ಗಾಟವೇನೇ? ನಾಲ್ಕು ಜನ ಏನಂದಾರು, ಇದ್ದಿಲು ಸುಡೋರಿಗೆ ಮರ್ಯಾದೆ ಗೊತ್ತಿಲ್ಲ ಅನ್ನಲ್ವಾ?"

"ಅಂದ್ಕೊಳ್ಳಲಿ. ಕೆಂಡ ಆರ್ತಾ ಇದೆ."

"ಫುದೋ ದೇವರ ಕೆಂಡ ಆರ್ತದಾ? ಬಿಡ್ತು ಅನ್ನು!"

ಕಿಸಾಯೊಗೆ ಮೈಯೆಲ್ಲ ಉರಿಯಿತು. ಇದ್ದಿಲು ಗೂಡಿನ ಬಾಯಲ್ಲಿ ನಿಂತೇ ಮುದುಕಿಯಾದವಳಿಗೆ ಕೆಂಡದ ಬಣ್ಣವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬಿಳುಪು ಹೋಗಿ ಬೂದು, ಬೂದು ಹೋಗಿ ಕಪ್ಪು. ಆಗಲೇ ಅಲ್ಲಲ್ಲಿ ಕಪ್ಪಾಗಿತ್ತು. ಅತ್ತಿಗೆ ಮುನಿಸಿಕೊಂಡರೆ ಮುನಿಸಿಕೊಳ್ಳಲಿ ಎಂದು ಅವಳು ವಸ್ತ್ರವನ್ನು ಎದೆಗೊತ್ತಿಕೊಂಡು, ಉಮೆನೊಳ ಭುಜದ ಪಕ್ಕದಿಂದ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟಳು.

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ತಿರುಗಿದರೆ ಒಬ್ಬ ಎಳೆಯ ಹೆಂಗಸು. ಕೈಯಲ್ಲಿ ಮಗುವಿನ ಒಂದೇ ಒಂದು ಕಾಲುಚೀಲ. ಕಣ್ಣಿಗೆ ಕಣ್ಣು ಕೂಡಿತು. ಕಿಸಾಯೊಳ ಸೊಂಟ ತಾನಾಗಿಯೇ ಬಾಗಿತು, ಬಾಯಿ ತಾನಾಗಿಯೇ ಆಡಿತು:

"ನೀವು ಮೊದಲು ನಡೀರಮ್ಮ."

ಆ ಹೆಂಗಸು ಬೇಡವೆನ್ನಲಿಲ್ಲ, ಮರಳಿ ಬಾಗಲೂ ಇಲ್ಲ. ಹೊರಟೇಹೋದಳು. ಅವಳ ಹಿಂದೆ ಅವಳ ಗಂಡ, ಗಂಡನ ಹಿಂದೆ ಅತ್ತೆ, ಅತ್ತೆಯ ಹಿಂದೆ ಒಂದು ಓಣಿಗೆ ಓಣಿಯೇ.

ಕಿಸಾಯೊಳ ಸರದಿ ಬಂದಾಗ, ಹಾಯುವ ಮುನ್ನ ಮೆಟ್ಟಿ ಶುದ್ಧವಾಗಲೆಂದು ಸುರಿದಿದ್ದ ಉಪ್ಪಿನ ರಾಶಿಯೂ ಕೆಸರಾಗಿತ್ತು. ಉಪ್ಪು ಮೆಟ್ಟಿ ದಾರಿಗೆ ಕಾಲಿಟ್ಟಳು. ಹೊಳೆದಂಡೆಯ ಮೆಕ್ಕಲಿನಂತೆ ಮೆತ್ತಗೆ, ತಣ್ಣಗೆ. ಒಂದು ಹಸಿ ಹಿನೋಕಿ ಎಲೆ ಅಂಗಾಲಿಗೆ ಅಂಟಿಕೊಂಡಿತು. ಬೇಕೆಂದೇ ನಿಧಾನವಾಗಿ, ಊರಿ ಊರಿ ನಡೆದಳು. ಎಲ್ಲಾದರೂ ಒಂದು ಕೆಂಡ ಚುರ್ರೆನ್ನಲಿ ಎಂದು ಬೇಡಿಕೊಂಡಳು. ಏನೂ ಇಲ್ಲ.

ದಾರಿಯ ಆಚೆ ತುದಿಯಲ್ಲಿ ಸನ್ಯಾಸಿಯೊಬ್ಬ ಜಪಸರದಿಂದ ಅವಳ ಬೆನ್ನು ಸವರಿದ.

"ಸ್ವಾಮೀ, ಸ್ವಲ್ಪ ಕೆದಕಿ. ಅಡಿಯಲ್ಲಿ ಕೆಂಡ ಇದ್ದೇ ಇರ್ತದೆ. ಇನ್ನೊಂದ್ಸಲ ಹಾಯ್ತೀನಿ."

"ಮುಗೀತು ತಾಯಿ. ನೀರು ಹಾಕ್ಬೇಕು, ದಾರಿ ಬಿಡಿ."

ಹಿಂದಿನಿಂದ ಉಮೆನೊ ಕಣ್ಣೊರೆಸಿಕೊಳ್ಳುತ್ತ ಬಂದಳು. "ನೋಡಿದ್ಯಾ ಕಿಸಾಯೊ? ಒಂಚೂರೂ ಸುಡಲಿಲ್ಲ! ಎಲ್ಲ ದೇವರ ದಯೆ."

ಬಸ್ಸಿನಲ್ಲಿ ಕಿಸಾಯೊ ಕಿಟಕಿಯಾಚೆಗೇ ನೋಡುತ್ತ ಕೂತಳು. ಅತ್ತಿಗೆ ಬಿಡಿಸಿಕೊಟ್ಟ ಕಿತ್ತಳೆ ತೊಳೆಗಳು ಅಂಗೈಯಲ್ಲೇ ಬೆಚ್ಚಗಾದವು.

ಮನೆಯಲ್ಲಿ ಟೊಕುಜಿ ಎದ್ದು ಕೂತೇ ಕಾಯುತ್ತಿದ್ದ.

"ಹೆಂಗಿತ್ತು, ಬಿಸಿ?"

"ಇತ್ತು."

"ಎಲ್ಲಿ, ಕಾಲು ತೋರ್ಸು."

ಅವಳು ಅವನ ಹಾಸಿಗೆಯ ಮೇಲೆ ಕಾಲು ಚಾಚಿದಳು. ಅವನು ಅಂಗಾಲು ಮುಟ್ಟಿ, "ಮಂಜುಗಡ್ಡೆ ಇದ್ದ ಹಾಗಿದೆಯಲ್ಲೇ," ಎಂದ.

ಯಾವ ಕೈಗೆ ತಣ್ಣಗೆ ತಾಕಿತೆಂದು ಅವಳು ತಟ್ಟನೆ ಬಗ್ಗಿ ನೋಡಿದಳು. ಮುಟ್ಟಿದ್ದು ಎಡಗೈ. ಬಲಗೈ ಹೊದಿಕೆಯ ಮೇಲೆ ಎಂದಿನಂತೆ ಮಗುಚಿ ಬಿದ್ದಿತ್ತು. ಅದನ್ನೂ ಎತ್ತಿ ಅಂಗಾಲಿಗೆ ಒತ್ತಿ ಹಿಡಿದಳು.

"ಈಗ?"

ಟೊಕುಜಿ ಸ್ವಲ್ಪ ಹೊತ್ತು ಕಾದ. ಇಲ್ಲವೆಂದು ತಲೆಯಾಡಿಸಿದ.

"ಯಾರಿಗೆ ದಾರಿ ಬಿಟ್ಟೆ? ಅಕ್ಕ ಶುರುಮಾಡಿದ್ಳು ತಾನೆ?"

"ಕೊನೆಗೆ ಬಿಟ್ಟವಳು ನಾನೇ."

"ಥೂ ನಿಮ್ಮ ಮರ್ಯಾದೆಗೆ ಬೆಂಕಿ ಹಾಕ," ಎಂದ ಟೊಕುಜಿ. "ಬರೋ ವರ್ಷ ನನ್ನನ್ನೇ ಹೊತ್ಕೊಂಡ್ಹೋಗು. ನಾನಂತೂ ಯಾವನಿಗೂ ಬಾಗಲ್ಲ."

ಕಿಸಾಯೊ ಅವನ ಬಲಗೈಯನ್ನು ಅಂಗಾಲಿನ ಮೇಲೆ ಇನ್ನೂ ಬಲವಾಗಿ ಒತ್ತಿಕೊಂಡೇ ಕೂತಿದ್ದಳು.